ಸೈಟು ನಮ್ದು, ಮೇಲಿನ ಆಕಾಶ ಎಲ್ಲಿವರೆಗೆ ನಮ್ದು?

ನಂದಿಬೆಟ್ಟದ ಸುತ್ತಮುತ್ತ ಜಮೀನುಗಳು ಸೈಟುಗಳಾಗುತ್ತಿವೆ. ಎತ್ತರದ ಕಟ್ಟಡಕ್ಕೆ ಕೈ ಹಾಕಿದವರಿಗೆ 'ಏರ್‌ಪೋರ್ಟ್ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು' ಎಂಬ ಮಾತು ಕಿವಿಗೆ ಬೀಳುತ್ತದೆ. ಏರ್‌ಪೋರ್ಟ್ ಇರುವುದು ಪಕ್ಕದ ಜಿಲ್ಲೆಯ ದೇವನಹಳ್ಳಿಯಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಅದರ ಹಂಗೇಕೆ?

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಏರ್‌ಪೋರ್ಟ್‌ನಿಂದ ನಂದಿಬೆಟ್ಟ ಸುಮಾರು 19 ಕಿ.ಮೀ. ಏರ್‌ಪೋರ್ಟ್ ಸುತ್ತ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕುವ ಕಾನೂನಿನ ವೃತ್ತದ ತ್ರಿಜ್ಯ 20 ಕಿ.ಮೀ. ಚಿಕ್ಕಬಳ್ಳಾಪುರ ಪಟ್ಟಣ ಆಚೆ ಉಳಿಯುತ್ತದೆ, ಜಿಲ್ಲೆಯ ದಕ್ಷಿಣದ ಅಂಚಿನ ಹಳ್ಳಿಗಳು ಒಳಗೆ ಬರುತ್ತವೆ.

ನೆಲ ಯಾರದೋ ಅದರ ಮೇಲಿನ ಆಕಾಶವೂ ಅವರದೇ ಎಂಬುದು ಹಳೆಯ ನಂಬಿಕೆ. ವಿಮಾನ ಬಂದ ಮೇಲೆ ಅದು ಉಳಿಯಲಿಲ್ಲ. ಅಮೆರಿಕದಲ್ಲಿ ಒಬ್ಬ ಕೋಳಿ ಸಾಕಣೆದಾರರ ಮನೆ ಮೇಲೆ ಮಿಲಿಟರಿ ವಿಮಾನಗಳು ತೀರಾ ಕೆಳಗೆ ಹಾರುತ್ತಿದ್ದವು. ಗಾಬರಿಗೆ ಕೋಳಿಗಳು ಗೋಡೆಗೆ ಬಡಿದು ಸತ್ತವು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು: ಮೇಲಿನ ಆಕಾಶ ಎಲ್ಲರ ದಾರಿ. ಆದರೆ ನೆಲವನ್ನು ಬಳಸಿ ಬದುಕಲು ಬೇಕಾದಷ್ಟು ಆಕಾಶ ಮಾಲೀಕನದೇ.

ನಮ್ಮಲ್ಲಿ 1934ರಲ್ಲೇ ವಿಮಾನ ಕಾಯ್ದೆ ಬಂದಿತ್ತು. ನಿಲ್ದಾಣದ ಸುತ್ತ ಕಟ್ಟಡ, ಮರಗಳನ್ನು ತಡೆಯುವ ಅಧಿಕಾರ ಸೇರಿದ್ದು 1972ರ ತಿದ್ದುಪಡಿಯಲ್ಲಿ, 9ಎ ಕಲಂ ಆಗಿ. 20 ಕಿ.ಮೀ. ಮಿತಿ ಅಲ್ಲಿಂದಲೇ ಬಂತು. ನಷ್ಟವಾದವರಿಗೆ ಪರಿಹಾರ ಕೊಡುವ 9ಬಿ ಕಲಂ ಕೂಡ ಜೊತೆಗಿತ್ತು, ಅದನ್ನು ಮರೆಯಬಾರದು. 1988 ಮತ್ತು 2010ರ ಅಧಿಸೂಚನೆಗಳ ನಂತರ 2015ರಲ್ಲಿ ಎತ್ತರದ ಮಿತಿಗೇ ಪ್ರತ್ಯೇಕ ನಿಯಮಗಳು ಬಂದವು. ಮೂಲ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಈ ಮಿತಿಯ ಆಕಾರವನ್ನು ಒಂದು ದೊಡ್ಡ ಬೋಗುಣಿ ಅಂದುಕೊಳ್ಳಿ. ದೊಡ್ಡ ರನ್‌ವೇ ಸುತ್ತ ಸುಮಾರು 4 ಕಿ.ಮೀ.ವರೆಗೆ ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲೆ ಸಮತಟ್ಟಾದ ತಳ. ಆಮೇಲೆ 20 ಮೀಟರ್ ದೂರಕ್ಕೆ 1 ಮೀಟರ್‌ನಂತೆ ಅಂಚು ಏರುತ್ತದೆ. ವಿಮಾನ ಇಳಿಯುವ ದಿಕ್ಕಿನಲ್ಲಿ ಬಿಗಿ ಜಾಸ್ತಿ, ಅದು 15 ಕಿ.ಮೀ.ವರೆಗೆ ಚಾಚುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. 1,478 ಮೀಟರ್ ಎತ್ತರದ ನಂದಿಬೆಟ್ಟ ಉತ್ತರಕ್ಕಿದೆ, ಆ ದಾರಿಗೆ ಅಡ್ಡ ಬರುವುದಿಲ್ಲ.

ಜನ ಎಡವುವುದು ಇನ್ನೊಂದು ಕಡೆ. ಎನ್‌ಒಸಿಯಲ್ಲಿ ಬರೆಯುವ ಗರಿಷ್ಠ ಎತ್ತರ ಸಮುದ್ರಮಟ್ಟದಿಂದ ಎಣಿಸಿದ್ದು, ನಿಮ್ಮ ಅಂಗಳದಿಂದ ಅಲ್ಲ. ನಿಲ್ದಾಣ ಸುಮಾರು 915 ಮೀಟರ್ ಮಟ್ಟದಲ್ಲಿದೆ. ಬೋಗುಣಿಯ ತಳ 960 ಆಯಿತು. ಅದರಡಿ 940 ಮೀಟರ್ ದಿಣ್ಣೆಯ ಮೇಲಿನ ಸೈಟಿಗೆ ಉಳಿಯುವುದು 20 ಮೀಟರ್. 900 ಮೀಟರ್ ತಗ್ಗಿನ ಸೈಟಿಗೆ 60. ಅಕ್ಕಪಕ್ಕದ ಊರು, ಒಂದೇ ನಿಯಮ, ಸಿಗುವ ಮಹಡಿ ಮಾತ್ರ ಬೇರೆ. ನೀರಿನ ಟ್ಯಾಂಕು, ಆಂಟೆನಾ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು.

ಯಾವ ಜಾಗದಲ್ಲಿ ಎಷ್ಟು ಎತ್ತರ ಎಂದು ತೋರಿಸಲು ವಿಮಾನ ನಿಲ್ದಾಣ ಪ್ರಾಧಿಕಾರ ಬಣ್ಣದ ನಕ್ಷೆಗಳನ್ನು ಮಾಡಿದೆ. ನಿಗದಿತ ಎತ್ತರದೊಳಗಿದ್ದರೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು. ಕೆಂಪು ವಲಯವಾದರೆ ಪ್ರಾಧಿಕಾರದ ಎನ್‌ಒಸಿ ಬೇಕೇ ಬೇಕು. ಆ ನಕ್ಷೆ ಸೈಟು ಕೊಳ್ಳುವವರ ಕಣ್ಣಿಗೆ ಮೊದಲೇ ಬೀಳಬೇಕು, ಅಲ್ವಾ? ಕನ್ನಡದ ವಿವರಣೆಯ ಜೊತೆ, ಆ ವೃತ್ತದೊಳಗಿನ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಅದನ್ನು ಹಾಕಲಿ.