ತುಂಗಭದ್ರಾ ಡ್ಯಾಮಿನಿಂದ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋಗಬಹುದಾ?

ಪ್ರಶ್ನೆ: ಅಮೆರಿಕದ ಗಂಡ-ಹೆಂಡತಿ ಇಬ್ಬರೇ ಹಾಯಿದೋಣಿ ಹತ್ತಿ, ಸರೋವರದಿಂದ ಹೊರಟು, ಕಾಲುವೆ ದಾಟಿ, ನದಿ ದಾಟಿ ಸಮುದ್ರ ಸೇರುವ ವಿಡಿಯೊ ನೋಡಿದೆವು. ನಮಗೂ ಮುನಿರಾಬಾದಿನಲ್ಲಿ ಅಷ್ಟು ದೊಡ್ಡ ಡ್ಯಾಮ್ ಇದೆ, ಕಾಲುವೆ ಇದೆ, ಹೊಳೆ ಇದೆ. ಹೊಳೆ ಕೊನೆಗೆ ಸಮುದ್ರಕ್ಕೇ ಹೋಗುತ್ತದೆ ಅಲ್ವಾ? ನಾನೂ ನಮ್ಮ ಮನೆಯವರೂ ಹಾಗೆ ಹೋಗೋಕೆ ಆಗುತ್ತಾ ಸರ್?
(ಕೊಪ್ಪಳ ಜಿಲ್ಲೆಯ ಓದುಗರು)

ಉತ್ತರ: ಒಂದೇ ದೋಣಿಯಲ್ಲಿ, ನೀರಿನಿಂದ ಮೇಲೆ ಬರದೆ ಹೋಗುವುದು ಆಗುವುದಿಲ್ಲಮ್ಮ. ಈ ಪ್ರಶ್ನೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯಿಂದಲೂ ಆಗಾಗ ಬರುತ್ತದೆ. ಆಗುವುದಿಲ್ಲ ಎಂದು ಹೇಳಿ ಸುಮ್ಮನಾಗುವ ಪ್ರಶ್ನೆ ಇದಲ್ಲ. ಯಾಕೆ ಆಗುವುದಿಲ್ಲ ಎಂದು ಹುಡುಕಿದರೆ ನಮ್ಮ ಹೊಳೆಯ ಕಥೆಯೇ ಎದುರಾಗುತ್ತದೆ.

ಮೊದಲು ಆ ದಂಪತಿಯ ದಾರಿ ನೋಡೋಣ. ಅಮೆರಿಕದ ದೊಡ್ಡ ಸರೋವರಗಳಿಂದ ದೋಣಿಯಲ್ಲಿ ಸಮುದ್ರಕ್ಕೆ ಹೊರಟವರು ಸಾಮಾನ್ಯವಾಗಿ ಹಿಡಿಯುವುದು ಈರಿ ಕಾಲುವೆಯನ್ನು. ಈರಿ ಸರೋವರದ ದಂಡೆಯ ಬಫಲೊದಿಂದ ಹಡ್ಸನ್ ನದಿಯ ಆಲ್ಬನಿವರೆಗೆ ಅಗೆದ ಈ ಕಾಲುವೆ 1825ರಲ್ಲಿ ತೆರೆಯಿತು. ಆಗ ಅದರ ಉದ್ದ 363 ಮೈಲಿ, ಅಂದರೆ ಸುಮಾರು 584 ಕಿಲೋಮೀಟರ್. ಸರೋವರ ಸಮುದ್ರಕ್ಕಿಂತ ಸುಮಾರು 174 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ದೋಣಿ ಇಳಿಸಲು ಆಗ 83 ಲಾಕ್‌ಗಳನ್ನು ಕಟ್ಟಿದರು. ಆಮೇಲೆ ಕಾಲುವೆಯನ್ನು ದೊಡ್ಡದು ಮಾಡಿದರು, ಲಾಕ್‌ಗಳ ಸಂಖ್ಯೆ ಸುಮಾರು 35ಕ್ಕೆ ಇಳಿಯಿತು.

ಇಡೀ ವಿಷಯದ ಜೀವ ಇರುವುದೇ ಈ ಲಾಕ್‌ನಲ್ಲಿ. ಎರಡೂ ತುದಿಗೆ ಬಾಗಿಲಿರುವ ಉದ್ದನೆಯ ಕಾಂಕ್ರೀಟ್ ತೊಟ್ಟಿ ಅದು. ಮೇಲಿನ ಬಾಗಿಲು ತೆರೆದಾಗ ದೋಣಿ ಒಳಗೆ ಬರುತ್ತದೆ. ಬಾಗಿಲು ಮುಚ್ಚುತ್ತಾರೆ. ಕೆಳಗಿನ ತೂಬು ಎತ್ತಿದರೆ ತೊಟ್ಟಿಯ ನೀರು ಹೊರಗೆ ಹರಿಯುತ್ತದೆ, ನೀರಿನ ಜೊತೆ ದೋಣಿಯೂ ನಿಧಾನವಾಗಿ ಇಳಿಯುತ್ತದೆ. ನೀರು ಕೆಳಗಿನ ಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲು ತೆರೆಯುತ್ತದೆ. ಪಂಪ್ ಬೇಡ, ಕ್ರೇನ್ ಬೇಡ. ಹತ್ತುವಾಗ ಇದನ್ನೇ ತಿರುಗಿಸಿ ಮಾಡುತ್ತಾರೆ. ಲಿಟಲ್ ಫಾಲ್ಸ್ ಎಂಬ ಊರಿನ ಒಂದೇ ಲಾಕ್ ದೋಣಿಯನ್ನು 40 ಅಡಿ ಇಳಿಸುತ್ತದೆ.

ಇದಕ್ಕೆ ಇಬ್ಬರು ಸಾಕು, ಆದರೆ ಇಬ್ಬರೂ ಬೇಕೇ ಬೇಕು. ನೀರು ಇಳಿಯುವಾಗ ದೋಣಿ ಅತ್ತಿತ್ತ ಎಳೆದಾಡುತ್ತದೆ. ಮೂತಿಯಲ್ಲಿ ಒಬ್ಬರು, ಹಿಂದೆ ಒಬ್ಬರು ನಿಂತು ಗೋಡೆಯ ಹಗ್ಗ ಹಿಡಿದುಕೊಳ್ಳಬೇಕು. ದೋಣಿ ಇಳಿದಷ್ಟೂ ಹಗ್ಗ ಸಡಿಲ ಬಿಡುತ್ತಾ ಬರಬೇಕು. ಬಿಗಿಯಾಗಿ ಕಟ್ಟಿಬಿಟ್ಟರೆ ದೋಣಿ ನೇತಾಡುತ್ತದೆ. ಆದ್ದರಿಂದಲೇ ಲಾಕ್‌ನಲ್ಲಿ ಯಾರೂ ಗಂಟು ಹಾಕುವುದಿಲ್ಲ.

ಇನ್ನೊಂದು ಮಾತು. ಕಾಲುವೆಯಲ್ಲಿ ಹಾಯಿದೋಣಿ ಹಾಯಿ ಬಿಚ್ಚುವುದೇ ಇಲ್ಲ. ಪಶ್ಚಿಮದ ಭಾಗದಲ್ಲಿ ಸೇತುವೆಗಳು ನೀರಿನಿಂದ ಹದಿನೈದೂವರೆ ಅಡಿ ಮಾತ್ರ ಮೇಲಿವೆ. ಹಾಯಿಕಂಬವನ್ನು ಕಳಚಿ ದೋಣಿಯ ಮೇಲೆ ಅಡ್ಡ ಮಲಗಿಸಿ, ಎಂಜಿನ್ ಹಾಕಿಕೊಂಡು ಹೋಗಬೇಕು. ಹಡ್ಸನ್ ನದಿಗೆ ಬಂದ ಮೇಲೆ ಕಂಬ ಮತ್ತೆ ನಿಲ್ಲುತ್ತದೆ. ಸಮುದ್ರದ ಉಬ್ಬರ-ಇಳಿತ ಆ ನದಿಯಲ್ಲಿ ಟ್ರಾಯ್ ಪಟ್ಟಣದವರೆಗೂ ಬರುತ್ತದೆ. ನ್ಯೂಯಾರ್ಕ್ ಅಲ್ಲಿಂದ ಸುಮಾರು 240 ಕಿಲೋಮೀಟರ್ ದೂರ. ಅಷ್ಟು ಒಳನಾಡಿನಲ್ಲೇ ಸಮುದ್ರ ಬಂದು ದೋಣಿಯನ್ನು ಎದುರುಗೊಳ್ಳುತ್ತದೆ ಎಂದರೆ ನನಗೆ ಇವತ್ತಿಗೂ ಮೈ ಜುಮ್ ಎನ್ನುತ್ತದೆ.

ಈಗ ನಮ್ಮ ಕಡೆಗೆ ಬರೋಣ. ತುಂಗಭದ್ರಾ ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ 1,633 ಅಡಿ. ಇದನ್ನು ಪ್ರತಿ ಮಳೆಗಾಲವೂ ಪೇಪರಿನಲ್ಲಿ ನೋಡುತ್ತೀರಿ. ಅದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ, ಸುಮಾರು 498 ಮೀಟರ್. ಈರಿ ಸರೋವರಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಎತ್ತರದಲ್ಲಿ ನಾವು ನಿಂತಿದ್ದೇವೆ. ಇಳಿಯಲು ಒಂದು ಲಾಕ್ ಕೂಡ ಇಲ್ಲ. ಡ್ಯಾಮಿನಲ್ಲಿ 33 ಕ್ರೆಸ್ಟ್ ಗೇಟ್‌ಗಳಿವೆ, ಎಲ್ಲವೂ ನೀರು ಬಿಡುವುದಕ್ಕೆ ಮಾತ್ರ. ಡ್ಯಾಮ್ ಕಟ್ಟಿದರೆ ದೋಣಿ ದಾರಿ ಮುಚ್ಚಲೇಬೇಕು ಅಂತೇನಿಲ್ಲ. ಚೀನಾದ ತ್ರೀ ಗಾರ್ಜಸ್ ಅಣೆಕಟ್ಟು ನಮ್ಮದಕ್ಕಿಂತ ಎಷ್ಟೋ ಎತ್ತರ, ಅಲ್ಲಿ ಐದು ಮೆಟ್ಟಿಲಿನ ಲಾಕ್ ಕಟ್ಟಿ ಹಡಗುಗಳನ್ನೇ ದಾಟಿಸುತ್ತಾರೆ. ಇಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಹೊಲಕ್ಕೆ ನೀರು.

ಡ್ಯಾಮಿನ ಕೆಳಗೆ ಹಂಪಿ, ಆನೆಗೊಂದಿಯ ಬಂಡೆಗಳು. ನಡುವೆ ಅಲ್ಲಲ್ಲಿ ವಿಜಯನಗರ ಕಾಲದ ಕಲ್ಲಿನ ಅಣೆಕಟ್ಟೆಗಳು. ಅವುಗಳ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಅದು ನಮ್ಮ ಭಾಗ್ಯ. ಮುಂದೆ ಕಂಪ್ಲಿ, ಸಿರುಗುಪ್ಪದ ಬದಿ ಹಾದು ರಾಯಚೂರು ಜಿಲ್ಲೆಯ ರಾಜೋಳಿಬಂಡಾ ಅಣೆಕಟ್ಟು. ಮಂತ್ರಾಲಯ ದಾಟಿದರೆ ಸುಂಕೇಸುಲ ಬ್ಯಾರೇಜ್. ಸಂಗಮೇಶ್ವರದಲ್ಲಿ ತುಂಗಭದ್ರೆ ಕೃಷ್ಣೆಯನ್ನು ಸೇರುತ್ತಾಳೆ. ಆಮೇಲೆ ಶ್ರೀಶೈಲ, ನಾಗಾರ್ಜುನ ಸಾಗರ, ಪುಲಿಚಿಂತಲ, ವಿಜಯವಾಡದ ಪ್ರಕಾಶಂ ಬ್ಯಾರೇಜ್. ಅದನ್ನೂ ದಾಟಿದ ಮೇಲೆ ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿ.

ಗೋಡೆಗಳಿಗಿಂತ ದೊಡ್ಡ ಕಷ್ಟ ನೀರಿನದೇ. ಮಳೆಗಾಲದಲ್ಲಿ ಗೇಟ್ ಎತ್ತಿದರೆ ಕಂಪ್ಲಿ ಸೇತುವೆಯೇ ಮುಳುಗುವಷ್ಟು ನೀರು, ಆಗ ಹರಿಗೋಲು ಕೂಡ ಇಳಿಸುವುದಿಲ್ಲ. ಗೇಟ್ ಹಾಕಿದರೆ ಕೆಳಗೆ ಬಂಡೆ, ಮರಳು, ಮಂಡಿಯುದ್ದ ನೀರು. ಹಾಯಿದೋಣಿಗೆ ಅಡಿಯಲ್ಲಿ ಕೀಲ್ ಎಂಬ, ನೀರಿನೊಳಗೆ ಆಳಕ್ಕೆ ಇಳಿದ ರೆಕ್ಕೆಯಂಥ ಭಾಗ ಇರುತ್ತದೆ, ಮಂಡಿಯುದ್ದ ನೀರಿನಲ್ಲಿ ಅದು ಸಿಕ್ಕಿಬೀಳುತ್ತದೆ. ಗಾಳಿಯದೇನೂ ತಕರಾರಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಜೋರಾಗಿ, ಹೊಳೆ ಹರಿಯುವ ದಿಕ್ಕಿಗೇ ಬೀಸುತ್ತದೆ.

ಹಾಗಾದರೆ ಕಾಲುವೆಯಲ್ಲಿ? ದಯವಿಟ್ಟು ಆ ಯೋಚನೆ ಬೇಡ. ಎಡದಂಡೆ ಕಾಲುವೆ ಮುನಿರಾಬಾದಿನಿಂದ 227 ಕಿಲೋಮೀಟರ್ ಹೋಗಿ ರಾಯಚೂರು ಜಿಲ್ಲೆಯ ಹೊಲಗಳಲ್ಲಿ ಮುಗಿಯುತ್ತದೆ. ಸಮುದ್ರಕ್ಕೆ ಅದಕ್ಕೆ ದಾರಿಯಿಲ್ಲ. ದಾರಿಯುದ್ದಕ್ಕೂ ಗೇಟ್‌ಗಳು, ತೂಬುಗಳು, ನೀರು ದಬ್ಬನೆ ಬೀಳುವ ಕಡೆಗಳು. ಸೆಳೆತ ಜೋರು, ಬದಿ ಜಾರುತ್ತದೆ, ಈಜು ಬಂದವರಿಗೂ ಹತ್ತಲು ಆಗುವುದಿಲ್ಲ. ಲಿಟಲ್ ಫಾಲ್ಸ್‌ನಂಥ ಒಂದು ಲಾಕ್ ಒಮ್ಮೆ ಖಾಲಿಯಾದರೆ ಒಂದೂವರೆ ಕೋಟಿ ಲೀಟರ್‌ಗಿಂತ ಜಾಸ್ತಿ ನೀರು ಕೆಳಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಬೇಕಾದಷ್ಟು ನೀರಿದೆ. ನಮ್ಮಲ್ಲಿ ಟೇಲ್‌ಎಂಡ್‌ನ, ಅಂದರೆ ಕಾಲುವೆಯ ಕೊನೆಯ ರೈತರು ಗೇಜ್ (ಕಾಲುವೆಯಲ್ಲಿ ಇರಬೇಕಾದ ನೀರಿನ ಮಟ್ಟ) ಬರಲಿಲ್ಲ ಎಂದು ರಸ್ತೆಯಲ್ಲಿ ಕೂರುತ್ತಾರೆ. ಈ ನೀರು ಮೊದಲು ಬೆಳೆಗೆ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ಇದೇ ತುಂಗಭದ್ರೆಯ ನೀರಿನಲ್ಲಿ ದೋಣಿಗೆಂದೇ ಒಂದು ಕಾಲುವೆ ಅಗೆದಿದ್ದರು ಎಂದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಸುಂಕೇಸುಲದಿಂದ ಹೊರಡುವ ಕರ್ನೂಲು-ಕಡಪ ಕಾಲುವೆ ಅದು. 1863ರಿಂದ 1870ರ ನಡುವೆ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಎಂಬ ಖಾಸಗಿ ಕಂಪನಿ ನೀರಾವರಿಗೂ ದೋಣಿ ಸಾಗಾಟಕ್ಕೂ ಸೇರಿಸಿ ಅದನ್ನು ಕಟ್ಟಿಸಿತು. ತುಂಗಭದ್ರೆಯನ್ನು ಪೆನ್ನಾ ನದಿಗೆ ಜೋಡಿಸುವ ದಾರಿ ಅದು. ಕಂಪನಿಗೆ ಲಾಭ ಬರಲಿಲ್ಲ, 1882ರಲ್ಲಿ ಸರ್ಕಾರ ಕೊಂಡುಕೊಂಡಿತು. 1933ರವರೆಗೆ ದೋಣಿ ಓಡಿದವು, ಆಮೇಲೆ ಪೂರ್ತಿ ನೀರಾವರಿಗೆ ಬಿಟ್ಟರು. ಇನ್ನು 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಮಾರ್ಗಗಳ ಪಟ್ಟಿಯಲ್ಲೂ ತುಂಗಭದ್ರೆಯ ಹೆಸರಿದೆ. ಆದರೆ ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ಬಂಡೆಗಳ ನಡುವೆ ಆಳ ಬರುವುದಿಲ್ಲ.

ಈ ಹೊಳೆಗೆ ಹೊಂದುವ ದೋಣಿ ಹರಿಗೋಲೇ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಹರಿಗೋಲಿಗೆ ಕೀಲ್ ಇಲ್ಲ, ಗೇಣು ನೀರಿನಲ್ಲೂ ತೇಲುತ್ತದೆ, ಬಂಡೆ ಅಡ್ಡ ಬಂದರೆ ಅಂಬಿಗರು ತಲೆಯ ಮೇಲೆ ಹೊತ್ತು ಆಚೆ ಇಳಿಸುತ್ತಾರೆ.

ನೀವಿಬ್ಬರೂ ಮೊದಲು ಅದರಲ್ಲಿ ಕೂತು ನೋಡಿ. ಮಳೆಗಾಲದ ಪ್ರವಾಹ ಇಳಿದ ಮೇಲೆ, ನವೆಂಬರ್‌ನಿಂದ ಜನವರಿ ಒಳ್ಳೆಯ ಹೊತ್ತು. ಆನೆಗೊಂದಿ ಕಡೆಯಿಂದ ತಳವಾರಘಟ್ಟದ ಕಡೆಗೆ, ಆ ಊರಿನ ಅಂಬಿಗರ ಜೊತೆಗೇ ಹೋಗಿ. ಲೈಫ್ ಜಾಕೆಟ್ ಹಾಕದೆ ಹತ್ತಬೇಡಿ. ಅವತ್ತು ಡ್ಯಾಮಿನಿಂದ ಹೊಳೆಗೆ ನೀರು ಬಿಡುತ್ತಿದ್ದಾರಾ ಎಂದು ಬೆಳಿಗ್ಗೆಯೇ ವಿಚಾರಿಸಿ. ಹಾಯಿ ಕಟ್ಟಿಯೇ ಕಲಿಯಬೇಕು ಎನ್ನುವ ಆಸೆ ಇದ್ದರೆ ಅದಕ್ಕೆ ಜಲಾಶಯದ ಹಿನ್ನೀರೇ ಸರಿ. ಸ್ವಂತ ದೋಣಿ ಇಳಿಸುವ ಮುಂಚೆ ತುಂಗಭದ್ರಾ ಮಂಡಳಿಯನ್ನು ಕೇಳಿ ಅನುಮತಿ ತೆಗೆದುಕೊಳ್ಳಿ.