ಹಂತಿ, ಘ್ನಂತಿ: ಒಂದು ಧಾತುವಿನ ಜಾಡು

ಸಂಸ್ಕೃತದ ‘ಹನ್’ ಧಾತುವಿನ ರೂಪಗಳನ್ನು ಪಾಠ ಮಾಡುವಾಗ ನನ್ನ ವಿದ್ಯಾರ್ಥಿಗಳು ತಡವರಿಸುವುದು ಒಂದೇ ಜಾಗದಲ್ಲಿ. ‘ಹಂತಿ’ ಎಂದರೆ ಕೊಲ್ಲುತ್ತಾನೆ; ಕೊಲ್ಲುತ್ತಾರೆ ಎನ್ನಲು ‘ಘ್ನಂತಿ’ ಎನ್ನಬೇಕು. ಈ ಹಕಾರ-ಘಕಾರಗಳ ಜೋಡಿ ಕನ್ನಡಕ್ಕೂ ಬಂದು ನೆಲೆಸಿದೆ: ಒಂದು ಕಡೆ ಹತ, ಹತ್ಯೆ, ಇನ್ನೊಂದು ಕಡೆ ವಿಘ್ನ, ಕೃತಘ್ನ, ಶತ್ರುಘ್ನ. ನಕಾರ ಪರವಾದಾಗ ಹಕಾರವು ಘಕಾರವಾಗುತ್ತದೆ ಎಂದು ಪಾಣಿನಿಯ ಸೂತ್ರ ಹೇಳುತ್ತದೆ. ಭಾಷೆಯ ಬಳಕೆಯನ್ನು ವಿವರಿಸಲು ಅಷ್ಟು ಸಾಕು; ಆದರೆ ಚರಿತ್ರೆ ನಡೆದದ್ದು ತಿರುಗುಮುರುಗಾಗಿ, ಘಕಾರವೇ ಹಳೆಯದು.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಕುಟುಂಬಕ್ಕೆ ಮೂಲವಾದ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ಈ ಧಾತುವನ್ನು *ಘ್ವೆನ್ ಎಂದು ಪುನಾರಚಿಸುತ್ತೇವೆ. ಇಲ್ಲಿನ ‘ಘ್ವ’ ಸಂಯುಕ್ತಾಕ್ಷರವಲ್ಲ, ತುಟಿಯನ್ನು ದುಂಡಗೆ ಮಾಡಿ ಉಚ್ಚರಿಸುವ ಒಂದೇ ವ್ಯಂಜನ. ಮುಂದಿರುವ ನಕ್ಷತ್ರ ಚಿಹ್ನೆಯು ಇದು ಬರಹದಲ್ಲಿ ಸಿಕ್ಕ ರೂಪವಲ್ಲ, ಊಹಿಸಿದ ರೂಪ ಎಂಬುದರ ಗುರುತು. ಏಕವಚನದಲ್ಲಿ ಧಾತುವಿನ ಎಕಾರ ಉಳಿಯುತ್ತಿತ್ತು, ಬಹುವಚನದಲ್ಲಿ ಲೋಪವಾಗುತ್ತಿತ್ತು. ಎಕಾರ ಉಳಿದಲ್ಲಿ ಅದು ಹಿಂದಿನ ಕಂಠ್ಯವನ್ನು (ಕ, ಗ, ಘ ಬಗೆಯ ವ್ಯಂಜನವನ್ನು) ತಾಲವ್ಯದ (ಚ, ಜ, ಝ ಬಗೆಯ ವ್ಯಂಜನದ) ಕಡೆಗೆ ಎಳೆಯಿತು, ಆ ತಾಲವ್ಯವೇ ಸವೆದು ಹಕಾರವಾಯಿತು. ಆಮೇಲೆ ಎಕಾರ ತಾನೂ ಅಕಾರದಲ್ಲಿ ಲೀನವಾಯಿತು. ಇಂಥ ಎಳೆತ ನಮಗೆ ಹೊಸದಲ್ಲ. ನಾವು ‘ಕಿವಿ’ ಎನ್ನುವುದನ್ನು ತೆಲುಗರು ‘ಚೆವಿ’ ಎನ್ನುತ್ತಾರೆ; ದ್ರಾವಿಡ ಮೂಲದ ಕಕಾರವನ್ನು ಇಂಥ ಕಡೆ ಕನ್ನಡ ಉಳಿಸಿಕೊಂಡಿತು, ತೆಲುಗು ತಾಲವ್ಯಕ್ಕೆ ತಿರುಗಿಸಿತು.

ಸಂಸ್ಕೃತದ ಅಕಾರದ ಹಿಂದೆ ಎಕಾರ ಅಡಗಿದೆ ಎಂಬುದನ್ನು ವಿದ್ವಾಂಸರು 1870ರ ದಶಕದಲ್ಲೇ ತರ್ಕದಿಂದ ಕಂಡುಕೊಂಡಿದ್ದರು. ಇಂದಿನ ಟರ್ಕಿಯ ಬೋಘಾಜ್‌ಕೋಯ್‌ನಲ್ಲಿ 1906ರಲ್ಲಿ ಆರಂಭವಾದ ಉತ್ಖನನದಲ್ಲಿ ಜೇಡಿಮಣ್ಣಿನ ಫಲಕಗಳು ರಾಶಿರಾಶಿಯಾಗಿ ಸಿಕ್ಕವು; ಅವುಗಳಲ್ಲಿದ್ದ ಪ್ರಾಚೀನ ಹಿಟ್ಟೈಟ್ ಭಾಷೆ ಇದೇ ಕುಟುಂಬದ್ದೆಂದು ಜೆಕ್ ವಿದ್ವಾಂಸ ಬೆಡ್ರಿಚ್ ಹ್ರೋಜ್ನಿ 1915ರಲ್ಲಿ ತೋರಿಸಿದರು. ಆ ಭಾಷೆಯಲ್ಲಿ ಕೊಲ್ಲುತ್ತಾನೆ ಎನ್ನಲು ‘ಕುಎನ್‌ತ್ಸಿ’, ಕೊಲ್ಲುತ್ತಾರೆ ಎನ್ನಲು ‘ಕುನನ್‌ತ್ಸಿ’. ಹಂತಿ-ಘ್ನಂತಿಯ ಪಕ್ಕದಲ್ಲಿ ಈ ಜೋಡಿಯನ್ನು ಕರಿಹಲಗೆಯ ಮೇಲೆ ಬರೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ: ಏಕವಚನದಲ್ಲಿ ಎಕಾರ ಕಣ್ಣೆದುರಿಗಿದೆ, ಬಹುವಚನದಲ್ಲಿ ಅದು ಇಲ್ಲ.

ಉಳಿದ ದಾಯಾದಿಗಳಲ್ಲಿ ಗ್ರೀಕಿನ ‘ಫೊನೊಸ್’ ಕೊಲೆ ಎಂಬ ಅರ್ಥದ್ದು. ಲ್ಯಾಟಿನ್ನಿನ ‘ದೆಫೆಂದೆರೆ’, ಎಂದರೆ ಹೊಡೆದು ದೂರ ಸರಿಸುವುದು, ಇಂಗ್ಲಿಷಿನ ‘ಡಿಫೆನ್ಸ್’ಗೆ ಮೂಲ. ಲಿಥುವೇನಿಯನ್ನಿನ ‘ಗೆನು’ ಮಾತ್ರ ‘ದನಗಳನ್ನು ಅಟ್ಟುತ್ತೇನೆ’ ಎನ್ನುತ್ತದೆ. ಕೊಲ್ಲುವುದಕ್ಕೂ ದನ ಅಟ್ಟುವುದಕ್ಕೂ ಏನು ನಂಟು ಎಂದು ಕೇಳುವವರಿಗೆ ನಾನು ‘ದನ ಹೊಡೆದುಕೊಂಡು ಬಾ’ ಎಂಬ ನಮ್ಮ ಮಾತನ್ನೇ ನೆನಪಿಸುತ್ತೇನೆ. ಮೂಲಾರ್ಥ ‘ಹೊಡೆ’ ಎಂದೇ ಇದ್ದಿರಬೇಕೆಂಬುದು ನನ್ನ ಎಣಿಕೆ.

ಆದರೆ ಎಲ್ಲ ರೂಪಗಳೂ ಇಷ್ಟು ಸಲೀಸಾಗಿ ಹೊಂದುವುದಿಲ್ಲ. ‘ಹತ’ ಎಂಬಲ್ಲಿನ ಅಕಾರ ಹುಟ್ಟಿದ್ದು ಎಕಾರದಿಂದಲ್ಲ, ಸ್ವರದ ಸ್ಥಾನದಲ್ಲಿ ನಿಂತ ನಕಾರದಿಂದ. ಹಾಗಾಗಿ ಅಲ್ಲಿ ತಾಲವ್ಯಕ್ಕೆ ಕಾರಣವೇ ಇರಲಿಲ್ಲ. ಅದೇ ಬಗೆಯಲ್ಲಿ ‘ಗಮ್’ ಧಾತುವಿನಿಂದ ಹುಟ್ಟಿದ ‘ಗತ’ದಲ್ಲಿ ಗಕಾರ ಹಾಗೆಯೇ ಉಳಿದಿರುವುದನ್ನು ನೋಡಿದರೆ, ಇಲ್ಲಿಯೂ ‘ಘತ’ ಎಂದೇ ಆಗಬೇಕಿತ್ತು. ಹಂತಿಯ ಹಕಾರವು ಸಾದೃಶ್ಯದ ಬಲದಿಂದ, ಎಂದರೆ ಒಂದು ರೂಪದ ಮಾದರಿಯಲ್ಲಿ ಇನ್ನೊಂದನ್ನು ತಿದ್ದಿಕೊಳ್ಳುವ ಒಲವಿನಿಂದ, ಇಲ್ಲಿಗೂ ಹರಡಿದೆ. ಘ್ನಂತಿಯವರೆಗೆ ಅದು ತಲುಪಲಿಲ್ಲ.