ಚರ್ಚ್ ಹೇಳೋದು ಒಪ್ಪಿಗೆ ಇಲ್ಲ, ಆದ್ರೂ ಪೂಜೆಗೆ ಹೋಗ್ಬಹುದಾ?

ಪ್ರಶ್ನೆ: ನಾವು ಕಥೋಲಿಕರು. ನನ್ನ ತಮ್ಮ ಗೇ. ಪ್ರಬೋಧನೇಲಿ ಫಾದರ್ ಇಂಥೋರ ಬಗ್ಗೆ ಮಾತಾಡೋದು ಕೇಳಿದ್ರೆ ಎದ್ದು ಹೋಗೋಣ ಅನ್ಸುತ್ತೆ, ಆದ್ರೆ ಚರ್ಚ್ ಬಿಡಕ್ಕೆ ಮನಸಿಲ್ಲ. ಒಳಗೇ ಇದ್ಕೊಂಡು ಒಪ್ಪಲ್ಲ ಅನ್ಬಹುದಾ, ಇಲ್ಲ ಅದೂ ಪಾಪನಾ?

ಅನ್ಬಹುದು. ಆದ್ರೆ ಯಾವ್ದನ್ನ ಒಪ್ಪಲ್ಲ ಅಂತ ಮೊದ್ಲು ಬಿಡಿಸಿ ನೋಡ್ಕೊಳ್ಳಿ, ಯಾಕಂದ್ರೆ ಇಲ್ಲಿ ಎರಡು ವಿಷಯ ಗಂಟು ಬಿದ್ದಿದೆ, ಒಂದು ಬೋಧನೆ, ಇನ್ನೊಂದು ಜನರನ್ನ ನಡೆಸ್ಕೊಳ್ಳೋ ರೀತಿ.

ನಡೆಸ್ಕೊಳ್ಳೋ ರೀತಿ ಬಗ್ಗೆ ನೀವು ಹೆದರೋದೇ ಬೇಡ. ಚರ್ಚಿನ ಅಧಿಕೃತ ಬೋಧನೆಯ ಪುಸ್ತಕ ಕ್ಯಾಟಕಿಸಂನ 2358ನೇ ಪ್ಯಾರಾ ತೆಗೆದು ನೋಡಿ, ಇವರನ್ನ ಗೌರವ, ಕರುಣೆ, ಸೂಕ್ಷ್ಮತೆಯಿಂದ ಬರಮಾಡ್ಕೋಬೇಕು, ಅನ್ಯಾಯದ ತಾರತಮ್ಯ ಒಂಚೂರೂ ಕೂಡದು ಅಂತ ಇದೆ. ಅಂದ್ರೆ ಪೀಠದಲ್ಲಿ ನಿಂತು ಗೇಲಿ ಮಾಡೋ ಫಾದರ್ರೇ ಪುಸ್ತಕ ಬಿಟ್ಟು ಆಚೆ ಹೋಗಿರೋದು, ನೀವಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧನ ಅಪರಾಧ ಅಂತಿದ್ದ 377ನೇ ಸೆಕ್ಷನ್ನನ್ನ ವಾಪಸ್ ತಂದಾಗ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಕೂಡ, ಮದುವೆ ಒಪ್ಪಲ್ಲ ಆದ್ರೆ ಚರ್ಚ್ ಇವರನ್ನ ಅಪರಾಧಿಗಳು ಅಂತ ಯಾವತ್ತೂ ನೋಡಿಲ್ಲ ಅಂದಿದ್ರು.

ಬೋಧನೆ ವಿಷ್ಯ ಕಷ್ಟ, ಇಲ್ಲಿ ಸುಳ್ಳು ಸಮಾಧಾನ ಹೇಳಲ್ಲ. ಅದೇ ಪುಸ್ತಕದ ಹಿಂದಿನ ಪ್ಯಾರಾ 2357, ಸಲಿಂಗ ಸಂಬಂಧ ಸ್ವಭಾವದಲ್ಲೇ ಕ್ರಮ ತಪ್ಪಿದ್ದು ಅನ್ನುತ್ತೆ, ಪೋಪ್ ಫ್ರಾನ್ಸಿಸ್ ವಿಮಾನದಲ್ಲಿ ಗೇ ಜನರ ಬಗ್ಗೆ "ತೀರ್ಪು ಕೊಡೋಕೆ ನಾನ್ಯಾರು" ಅಂದಾಗ್ಲೂ ಆ ಸಾಲು ಹಾಗೇ ಇತ್ತು. ಆದ್ರೆ ಕಲ್ಲಲ್ಲಿ ಕೆತ್ತಿದ್ದು ಅಂದ್ಕೊಂಡಿದ್ದೆಲ್ಲ ಅಲುಗಾಡಲ್ಲ ಅಂತೇನಿಲ್ಲ. 2021ರಲ್ಲಿ ಸಲಿಂಗ ಜೋಡಿಗಳಿಗೆ ಆಶೀರ್ವಾದ ಕೊಡಕ್ಕಾಗಲ್ಲ ಅಂದಿದ್ದ ವ್ಯಾಟಿಕನ್ ಕಚೇರಿನೇ 2023ರ ಡಿಸೆಂಬರ್ 18ಕ್ಕೆ, ಮದುವೆ ಥರ ಕಾಣ್ಬಾರ್ದು, ಆರಾಧನೆಯ ಭಾಗ ಆಗ್ಬಾರ್ದು, ಹಾಗಾದ್ರೆ ಕೊಡ್ಬಹುದು ಅಂತು. ಮುಂದಿನ ತಿಂಗಳೇ ಆಫ್ರಿಕಾದ ಬಿಷಪ್‌ಗಳ ಒಕ್ಕೂಟ ನಮ್ಮಲ್ಲಿ ಇದು ಆಗಲ್ಲ ಅಂತ ಹೇಳ್ಬಿಡ್ತು. ಅವರನ್ನ ಯಾರೂ ಚರ್ಚಿಂದ ಆಚೆ ಹಾಕ್ಲಿಲ್ಲ (ಅವರ ವಿರೋಧ ನಿಮ್ದಕ್ಕೆ ಪೂರ್ತಿ ಉಲ್ಟಾ, ಅದು ಬೇರೆ ಮಾತು).

ಪಾಪದ ಪ್ರಶ್ನೆಗೆ, ಮನಸಾಕ್ಷಿ ಖಚಿತವಾಗಿ ಹೇಳಿದ್ದನ್ನ ಪಾಲಿಸ್ಬೇಕು ಅಂತ ಕ್ಯಾಟಕಿಸಂ ಹೇಳುತ್ತೆ, ಜೊತೆಗೆ ಆ ಮನಸಾಕ್ಷಿನ ತಿದ್ದಿ ಬೆಳೆಸ್ಕೋಬೇಕು ಅಂತಾನೂ ಹೇಳುತ್ತೆ, ಎರಡನ್ನೂ ಓದಿ, ಅರ್ಧ ಓದಿ ಜಗಳಕ್ಕೆ ಹೋಗ್ಬೇಡಿ. ಚರ್ಚಿನ ಕಾನೂನಿನ 212ನೇ ವಿಧಿ ಇದೆ, ಚರ್ಚಿನ ಒಳಿತಿನ ವಿಷ್ಯದಲ್ಲಿ ಗುರುಗಳಿಗೆ ತಮ್ಮ ಅಭಿಪ್ರಾಯ ತಿಳಿಸೋದು ಭಕ್ತರ ಹಕ್ಕು, ಕೆಲವು ಸಲ ಕರ್ತವ್ಯ ಕೂಡ. ನಮ್ಮಲ್ಲಿ ಮೇಣದ ಬತ್ತಿ ಲೆಕ್ಕ ಕೇಳೋಕೂ ಜನ ಹಿಂಜರೀತಾರೆ, ಇದು ಎಷ್ಟು ಜನಕ್ಕೆ ಗೊತ್ತಿದ್ಯೋ!

ಸೋ ಫಾದರ್ ಹತ್ರ ಮಾತಾಡಿ, ಪ್ಯಾರಿಷ್ ವಾಟ್ಸಾಪ್ ಗ್ರೂಪಲ್ಲಲ್ಲ, ಪೂಜೆ ಮುಗಿದ್ಮೇಲೆ ಒಬ್ರೇ ಹೋಗಿ, 2358 ಕೈಯಲ್ಲಿಟ್ಕೊಂಡು. ಅದಕ್ಕೂ ಮೊದ್ಲು ತಮ್ಮನ್ನ ಕೇಳಿ, ಅವನು ಹೂಂ ಅನ್ನದೆ ಅವನ ವಿಷ್ಯ ಎತ್ಲೇಬೇಡಿ, ನೀವು ಮನೆ ತಲುಪೋಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿರುತ್ತೆ. ಫಾದರ್ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂದ್ರೆ, ಭಾನುವಾರದ ಪೂಜೆ ನಿಮ್ಮ ಧರ್ಮಕೇಂದ್ರದಲ್ಲೇ ಆಗ್ಬೇಕು ಅಂತ ರೂಲ್ ಇಲ್ಲ, ಯಾವ ಕಥೋಲಿಕ ಚರ್ಚಾದ್ರೂ ಆಗುತ್ತೆ. ನಾನು ಒಂದು ವರ್ಷ ಹಾಗೇ ಮಾಡಿದ್ದೆ, ಸ್ಕೂಟರಲ್ಲಿ ಎರಡು ಕಿಲೋಮೀಟರ್ ಜಾಸ್ತಿ ಆಯ್ತು ಅಷ್ಟೇ.